ಮೈ ಬಿಸಿ ಇಳಿಸೋದಕ್ಕೆ ನನ್ನ ಅಗಸೆ-ಸೋಯಾ ಪುಡಿ

“ಚಟ್ನಿಪುಡಿ ತಿಂದ್ರೆ ಮೈ ಬಿಸಿ ಇಳಿಯುತ್ತೇನ್ರೀ ಅತ್ತಿಗೆ?” ಅಂತ ನಮ್ಮ ನಾದಿನಿ ನಕ್ಕಿದ್ದಳು. ಇಳಿಯಿತು.

ಮುಟ್ಟು ನಿಂತ ವರ್ಷ ದಾವಣಗೆರೆ ಬಿಸಿಲಿಗೂ ನನ್ನ ಮೈಗೂ ಪೈಪೋಟಿ. ಮೊದಲು ಆನ್‌ಲೈನ್‌ನಲ್ಲಿ ಕ್ಯಾಪ್ಸೂಲ್ ತರಿಸಿದೆ. ತಿಂಗಳಿಗೆ ಸಾವಿರದ ಇನ್ನೂರೋ ಮುನ್ನೂರೋ. ಡಬ್ಬಿ ಮೇಲೆ ಗಿಡಮೂಲಿಕೆಗಳ ದೊಡ್ಡ ಪಟ್ಟಿ, ಯಾವುದು ಎಷ್ಟು ಮಿಲಿಗ್ರಾಂ ಅಂತ ಎಲ್ಲೂ ಇಲ್ಲ. ನಾಲ್ಕೈದು ಸಾವಿರ ಹೋಯಿತು, ಬೆವರು ಹೋಗಲಿಲ್ಲ. ಬ್ಲ್ಯಾಕ್ ಕೊಹೊಶ್ ಅನ್ನೋ ಗಿಡಮೂಲಿಕೆ ತಗೋ ಅಂದರು ಒಬ್ಬರು. ಅಪರೂಪಕ್ಕೆ ಲಿವರ್ ಕೆಟ್ಟ ವರದಿಗಳಿವೆ, ಬೇಡ ಅಂದೆ.

ಸೋಯಾದಲ್ಲಿ ಐಸೋಫ್ಲೇವೋನ್, ಅಗಸೆಯಲ್ಲಿ ಲಿಗ್ನಾನ್ ಅನ್ನೋ ಅಂಶಗಳಿವೆ, ಮೈಯಲ್ಲಿ ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನಿನ ಹಾಗೇ ಅಲ್ಪಸ್ವಲ್ಪ ಕೆಲಸ ಮಾಡುತ್ತವೆ. ಕಷ್ಟ ಇರೋದು ಪುಡಿಯಲ್ಲಿ. ಅಗಸೆಯನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ಪುಡಿ ಮಾಡಿಟ್ಟರೆ ಬೇಗ ಕಮಟು ವಾಸನೆ. ಅದಕ್ಕೇ ವಾರಕ್ಕಾಗುವಷ್ಟು ಮಾತ್ರ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ ಫ್ರಿಜ್‌ನಲ್ಲಿಡುತ್ತೇನೆ. ಚಟಪಟ ಜೋರಾಗುವಾಗಲೇ ಇಳಿಸಬೇಕು, ಇಲ್ಲಾಂದ್ರೆ ಕಹಿ. ಸೋಯಾ ಕಾಳು ರಾತ್ರಿ ನೆನೆಸಿ, ನೀರು ಚೆಲ್ಲಿ, ಕುಕ್ಕರ್‌ನಲ್ಲಿ ಬೇಯಿಸಿ, ಒಣಗಿಸಿ ಹುರಿಯಬೇಕು. ಹಸಿ ವಾಸನೆ ಹೋಗಲು ಬೇಯಿಸುವಾಗ ಒಂದು ಸಾಮಾನು ಹಾಕುತ್ತೇನೆ. ಅದು ಮಾತ್ರ ಹೇಳಲ್ಲ!

ದಿನಕ್ಕೆ ಎರಡು ಚಮಚ ಅಗಸೆ, ಒಂದು ಸಣ್ಣ ಹಿಡಿ ಸೋಯಾ. ಖರ್ಚು ತಿಂಗಳಿಗೆ ಮುನ್ನೂರರ ಒಳಗೆ. ಬಿಸಿ ಏರಿದಾಗಲೆಲ್ಲ ಕ್ಯಾಲೆಂಡರ್ ಮೇಲೆ ಗೀಟು ಹಾಕುತ್ತಿದ್ದೆ. ಮೊದಲ ತಿಂಗಳು ಹೊಟ್ಟೆ ಉಬ್ಬರ ಬಿಟ್ಟರೆ ಏನೂ ಇಲ್ಲ. ಎರಡು ತಿಂಗಳು ದಾಟಿದ ಮೇಲೆ ಎಂಟತ್ತು ಗೀಟು ಇದ್ದದ್ದು ಮೂರಕ್ಕೆ ಇಳಿಯಿತು. ಎಲ್ಲರಿಗೂ ಇಷ್ಟೇ ಆಗುತ್ತೆ ಅನ್ನಲ್ಲ.

ನಡುವೆ ದೋಸೆ ಹಿಟ್ಟಿಗೂ ಸೋಯಾ ರುಬ್ಬಿ ಹಾಕಿ ನೋಡಿದೆ. ಬೆಣ್ಣೆ ದೋಸೆ ಊರಲ್ಲಿ ಅಂಥ ದೋಸೆ ಯಾರು ತಿಂತಾರೆ, ಯಜಮಾನರು ತಟ್ಟೆ ಸರಿಸಿಬಿಟ್ಟರು. ಮಂಡಕ್ಕಿ ಒಗ್ಗರಣೆ ಮೇಲೆ ಅಗಸೆ ಪುಡಿ ಉದುರಿಸಿದರೆ ಮಾತ್ರ ಭರ್ಜರಿ. ಹಾಲಿಗೆ ಶತಾವರಿ ಪುಡಿ ಹಾಕಿ ಕುಡಿದೆ, ನನಗಂತೂ ವ್ಯತ್ಯಾಸ ಕಾಣಲಿಲ್ಲ.

ಥೈರಾಯ್ಡ್ ಮಾತ್ರೆ ತಗೊಳ್ಳುವವರು ಮಾತ್ರೆಗೂ ಸೋಯಾಗೂ ನಾಲ್ಕು ಗಂಟೆಯಾದರೂ ಅಂತರ ಕೊಡಿ. ನಾನು ಬೆಳಿಗ್ಗೆ ಮಾತ್ರೆ, ರಾತ್ರಿ ಸೋಯಾ. ಸ್ತನ ಕ್ಯಾನ್ಸರ್ ಆಗಿದ್ದವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಪುಡಿಗಿಡಿ ಬಿಟ್ಟು ಆಸ್ಪತ್ರೆಗೆ ಹೋಗಿ.

ನಿದ್ದೆ ಇನ್ನೂ ಸರಿಹೋಗಿಲ್ಲ. ಅಶ್ವಗಂಧ ನೋಡೋಣ ಅಂತ ಆಸೆ ಇದೆ. ಆದರೆ ಅದು ಥೈರಾಯ್ಡ್ ಹಾರ್ಮೋನ್ ಮಟ್ಟ ಏರಿಸಬಹುದಂತೆ, ಹಾಗಾಗಿ ಮುಂದಿನ ಸಲ ಡಾಕ್ಟರ್ ಹತ್ರ ಹೋದಾಗ ಕೇಳಿಯೇ ಮುಟ್ಟುತ್ತೇನೆ.