ಲಿವರ್‌ಮೋರ್ ಐಎಲ್‌ಎಸ್: ಮೊದಲು ಗೇರ್, ಆಮೇಲೆ ಪವರ್

ಹೋದ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ 25 ರೈಟ್ ರನ್‌ವೇಗೆ ಒಂಬತ್ತೋ ಹತ್ತೋ ಐಎಲ್‌ಎಸ್ ಅಪ್ರೋಚ್ (ರೇಡಿಯೋ ಕಿರಣ ಹಿಡಿದು ರನ್‌ವೇಗೆ ಇಳಿದು ಬರೋದು) ಮಾಡಿದೆ. ಪ್ರತಿ ಸಲವೂ ಕಂಟ್ರೋಲರ್ (ವಿಮಾನ ಸಂಚಾರ ನಿಯಂತ್ರಿಸುವವರು) ಕೇಳಿದ 170 ನಾಟ್‌ನಲ್ಲೇ ಬಂದರೂ, ಸಾವಿರ ಅಡಿಗೆ ಬರುವಾಗ ಸ್ಪೀಡ್ ಸುಮಾರು 110, ಐದುನೂರು ಅಡಿಗೆ 90. ಇದು ಆಗೋದಿಲ್ಲ ಅಂದವರು ನಮ್ಮ ಹ್ಯಾಂಗರ್‌ನಲ್ಲೇ ಮೂವರಿದ್ದರು. ಅವರಲ್ಲಿ ಇಬ್ಬರು ಈಗ ಹೀಗೇ ಇಳಿಸುತ್ತಾರೆ.

ನಮ್ಮದು ನಾಲ್ವರು ಪಾಲು ಹಾಕಿ ಕೊಂಡ ಟಿಬಿಎಂ 850, ಒಂದೇ ಟರ್ಬೊಪ್ರಾಪ್ ಎಂಜಿನ್‌ನ ಸಣ್ಣ ವಿಮಾನ. ಗೇರ್ (ಚಕ್ರಗಳು) ಇಳಿಸಲು, ಟೇಕಾಫ್ ಫ್ಲಾಪ್ (ರೆಕ್ಕೆಯ ಹಿಂಬದಿಯ ಹಲಗೆ ಸ್ವಲ್ಪ ಇಳಿಸೋದು) ಹಾಕಲು 178 ನಾಟ್ ಮಿತಿ. ಫುಲ್ ಫ್ಲಾಪ್‌ಗೆ 122. ಹಿಂದೆ ಜೆಟ್ ಬರುತ್ತಿದ್ದರೆ ಕಂಟ್ರೋಲರ್ ರನ್‌ವೇಗೆ ಐದು ಮೈಲಿ ಇರುವವರೆಗೆ 170 ಇಟ್ಟುಕೊಳ್ಳಿ ಅಂತಾರೆ. ಅಲ್ಲಿಂದಾಚೆ ನಮ್ಮ ಪಾಡು ನಮ್ಮದು.

ಮೂರು ವರ್ಷದ ಹಿಂದೆ ನಾನು ಸುಮ್ನೆ ಸರಿ ಅಂದುಬಿಟ್ಟೆ. ಮಳೆ ಬರುವ ಮುಂಚಿನ ಗಾಳಿ, ಹಿಂದಿನಿಂದ 20 ನಾಟ್. ಗ್ರೌಂಡ್ ಸ್ಪೀಡ್ 190 ಅಂದರೆ ಗ್ಲೈಡ್‌ಸ್ಲೋಪ್ (ಐಎಲ್‌ಎಸ್‌ನ ಇಳಿಜಾರಿನ ಕಿರಣ) ಹಿಡಿಯೋಕೆ ನಿಮಿಷಕ್ಕೆ 950 ಅಡಿ ಇಳಿಯಬೇಕು, ಅಲ್ವಾ? ಇಳಿಯುತ್ತಲೇ ಸ್ಪೀಡ್ ಕಳೆಯೋಕೆ ಹೋದೆ, ಆಗಲಿಲ್ಲ. ಅವಸರದಲ್ಲಿ 130 ಇರುವಾಗಲೇ ಫುಲ್ ಫ್ಲಾಪ್ ಎಳೆದೆ. ಆಮೇಲೆ ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲಕ್ಕೆ. ಫ್ಲಾಪ್ ತಪಾಸಣೆಗೆ ಸುಮಾರು 2,300 ಡಾಲರ್. ವಿಮಾನ ಹನ್ನೊಂದು ದಿನ ನೆಲದ ಮೇಲೆ. ಯಾರು ಹಾರಿಸಿದರೋ ಅವರೇ ಕೊಡಬೇಕು ಅನ್ನೋದು ನಮ್ಮ ಒಪ್ಪಂದ, ಹಾಗಾಗಿ ಪೂರ್ತಿ ನನ್ನ ಜೇಬಿಂದ.

ಮುಂದಿನ ಸಲ ಹೆದರಿ ಹನ್ನೆರಡು ಮೈಲಿಯಲ್ಲೇ ನಿಧಾನ ಮಾಡಿದೆ, ಹೇಳಲೂ ಇಲ್ಲ. ಹಿಂದಿದ್ದ ಜೆಟ್ಟನ್ನು ಪಕ್ಕಕ್ಕೆ ತಿರುಗಿಸಬೇಕಾಯಿತು. ತಪ್ಪು ನನ್ನದೇ. ಇನ್ನೊಂದು ಸಲ ಅಪ್ರೋಚ್ ಕ್ಲಿಯರೆನ್ಸ್ (ಅಪ್ರೋಚ್ ಮಾಡಬಹುದು ಅನ್ನೋ ಅನುಮತಿ) ಸಿಕ್ಕ ಮೇಲೂ ಹಳೆಯ 170 ಹಿಡಿದುಕೊಂಡೇ ಬಂದೆ. ಕ್ಲಿಯರೆನ್ಸ್ ಕೊಡುವಾಗ ಆ ಸ್ಪೀಡನ್ನು ಮತ್ತೆ ಹೇಳಿರಲಿಲ್ಲ. ಅಂದರೆ ಅದು ಅಲ್ಲಿಗೇ ರದ್ದಾಗಿತ್ತು. ನನಗೆ ಹೊಳೆಯಲಿಲ್ಲ. ಮತ್ತೆ ಗೋ ಅರೌಂಡ್.

ಈಗ ಮಾಡೋದು ಇಷ್ಟೇ. 170 ಅಂದ ಕೂಡಲೇ ಗೇರ್ ಇಳಿಸುತ್ತೇನೆ, ಹತ್ತು ಮೈಲಿ ಇದ್ದರೂ ಸರಿ. ಟಾರ್ಕ್ (ಎಂಜಿನ್ ಬಲ) ಜಾಸ್ತಿ ಕೊಟ್ಟು 170ರಲ್ಲೇ ಎಳೆದುಕೊಂಡು ಬರುತ್ತೇನೆ. ಐದು ಮೈಲಿಗೆ ಬಂದಾಗ ಡ್ರ್ಯಾಗ್ (ವೇಗ ತಡೆಯುವ ಗೇರ್) ಆಗಲೇ ಹೊರಗಿದೆ, ಪವರ್ ಮಾತ್ರ ತೆಗೆಯೋದು. ಸ್ಪೀಡ್ ತಾನಾಗಿ ಬೀಳುತ್ತದೆ. ಹಿಂದಿನ ಗಾಳಿ 15 ದಾಟಿದರೆ ಮೊದಲೇ ಹೇಳುತ್ತೇನೆ: ಏಳು ಮೈಲಿವರೆಗೆ 170 ಆಗುತ್ತದೆ, ಐದಕ್ಕೆ ಆಗೋದಿಲ್ಲ. ಯಾರೂ ಬೈದಿಲ್ಲ.

ಪಾಲುದಾರರಲ್ಲಿ ಒಬ್ಬ ಹಾಸನದವನು. "ಗುರೂ, ಹತ್ತು ಮೈಲಿಗೇ ಗೇರ್ ಇಳಿಸ್ತೀಯಾ? ದುಡ್ಡು ಸುಡೋಕೆ ಅಷ್ಟು ಇಷ್ಟಾನಾ?" ಅಂದ. ಲೆಕ್ಕ ತೋರಿಸಿದೆ. ಹೆಚ್ಚೆಂದರೆ ಒಂದು ಗ್ಯಾಲನ್ ಇಂಧನ, ಏಳು ಡಾಲರ್. ಅವನೇ ಈಗ ಹಾಗೆ ಇಳಿಸುವ ಇಬ್ಬರಲ್ಲಿ ಒಬ್ಬ.

ಗೇರ್ ಬಿಟ್ಟು ಟೇಕಾಫ್ ಫ್ಲಾಪ್ ಮೊದಲು ಹಾಕಿಯೂ ನೋಡಿದೆ. ಮೂಗು ಮೇಲೇಳುತ್ತದೆ, ಗ್ಲೈಡ್‌ಸ್ಲೋಪ್ ಕೈಬಿಡುತ್ತದೆ. ಸಿಮ್ಯುಲೇಟರ್‌ನಲ್ಲಿ ನಾಲ್ಕು ಗಂಟೆ, ಹತ್ತಿರ ಹತ್ತಿರ 700 ಡಾಲರ್ ಇದಕ್ಕೇ ಹೋಯಿತು. ನಾನು ಇಡುವ ಟಾರ್ಕ್ ಎಷ್ಟು, ಪವರ್ ತೆಗೆಯುವಾಗ ರಡರ್ ಟ್ರಿಮ್ ಏನು ಮಾಡುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ. ಪಕ್ಕದ ಸೀಟಿನಲ್ಲಿ ಕೂತವರಿಗೆ ತೋರಿಸುತ್ತೇನೆ.

ಮಿತಿಯ ಬಗ್ಗೆ ಒಂದು ಮಾತು. ಬೇಗ ಬನ್ನಿ ಅಂತ ಕಂಟ್ರೋಲರ್ ಹೇಳಿದರೂ 10,000 ಅಡಿ ಕೆಳಗೆ 250 ದಾಟುವ ಹಾಗಿಲ್ಲ, ಅದನ್ನು ಸಡಿಲಿಸುವ ಅಧಿಕಾರ ಅವರಿಗಿಲ್ಲ. ಲಿವರ್‌ಮೋರ್‌ನಂಥ ಕ್ಲಾಸ್ ಡಿ (ಟವರ್ ಇರುವ ಸಣ್ಣ ನಿಲ್ದಾಣದ ಸುತ್ತಲಿನ ವಾಯುಪ್ರದೇಶ) ಜಾಗದಲ್ಲಿ, ನಾಲ್ಕು ಮೈಲಿ ಒಳಗೆ, ನೆಲದಿಂದ 2,500 ಅಡಿಯೊಳಗಿನ 200ರ ಮಿತಿಯನ್ನು ಸಡಿಲಿಸಬಹುದು. ಆದರೆ ಹೇವರ್ಡ್ ಕಡೆ, ಸ್ಯಾನ್‌ಫ್ರಾನ್ಸಿಸ್ಕೋ ಕ್ಲಾಸ್ ಬಿ (ದೊಡ್ಡ ನಿಲ್ದಾಣದ ವಾಯುಪ್ರದೇಶ) ಕೆಳಗೆ ನುಸುಳಿದರೆ ಅಲ್ಲೂ 200, ಮತ್ತು ಅಮೆರಿಕದ ವೇಗಮಿತಿ ನಿಯಮ 91.117ರ ಆ ಭಾಗದಲ್ಲಿ ಕಂಟ್ರೋಲರ್ ಅನುಮತಿಯ ಮಾತೇ ಇಲ್ಲ. ಮೈಕ್‌ನಲ್ಲಿ ಹೇಳೋದು ಅವರು, ಲೈಸೆನ್ಸ್ ಇರೋದು ನನ್ನ ಜೇಬಿನಲ್ಲಿ.

ಮುಂದಿನ ತಿಂಗಳು ಮಾಂಟೆರೆಯ 10 ರೈಟ್‌ನಲ್ಲಿ ಇದನ್ನೇ ಮಾಡಿ ನೋಡಬೇಕು. ಸಮುದ್ರದ ಕಡೆಯಿಂದ ಬರುವ ಅಪ್ರೋಚ್ ಅದು, ಹಿಂದಿನ ಗಾಳಿ ಅಲ್ಲಿ ಜಾಸ್ತಿ.