ಗೇಮಿನ ಎಂಡಿಂಗ್ ಬಗ್ಗೆ ಥಿಯರಿ ಕಟ್ಟೋದು ಹೇಗೆ, ಮಾಸ್ ಎಫೆಕ್ಟ್ 3 ಇಟ್ಕೊಂಡು

ಮೊದ್ಲೇ ಹೇಳ್ಬಿಡ್ತೀನಿ, ಮಾಸ್ ಎಫೆಕ್ಟ್ 3 ಇನ್ನೂ ಮುಗಿಸದೇ ಇರೋರು ಇಲ್ಲೇ ನಿಲ್ಸಿ ಆಡಿ ಬನ್ನಿ, ಮುಂದೆ ಕತೆ ಪೂರ್ತಿ ಬರತ್ತೆ.

ಬಯೋವೇರ್ ಕಂಪನಿಯಿಂದ 2012ರ ಮಾರ್ಚಲ್ಲಿ ಬಂದ ಗೇಮ್ ಇದು. ಗ್ಯಾಲಕ್ಸಿಯ ಜೀವಿಗಳನ್ನ ಅಳಿಸೋಕೆ ಬರೋ ರೀಪರ್ ಅನ್ನೋ ದೈತ್ಯ ಯಂತ್ರಗಳ ವಿರುದ್ಧ ಹೋರಾಡೋ ಶೆಪರ್ಡ್ ಅನ್ನೋ ಸೈನ್ಯಾಧಿಕಾರಿ ಪಾತ್ರ ನಮ್ಮದು. ಮೂರೂ ಭಾಗ ಆಡ್ಕೊಂಡು, ಯಾರನ್ನ ಉಳಿಸ್ಬೇಕು ಯಾರನ್ನ ಬಿಡ್ಬೇಕು ಅಂತೆಲ್ಲ ನಾವೇ ತೀರ್ಮಾನ ಮಾಡ್ಕೊಂಡು ಬಂದಿರ್ತೀವಿ, ಕೊನೇಲಿ ಒಂದು ಮಗುವಿನ ರೂಪ ಎದುರಿಗೆ ನಿಂತು ರೀಪರ್‌ಗಳನ್ನ ನಾಶ ಮಾಡು, ಇಲ್ಲ ನಿನ್ನ ಹಿಡಿತಕ್ಕೆ ತಗೋ, ಇಲ್ಲ ಜೀವ ಯಂತ್ರ ಎರಡನ್ನೂ ಬೆರೆಸಿಬಿಡು ಅನ್ನತ್ತೆ. ಕೆಂಪು, ನೀಲಿ, ಹಸಿರು. ಯಾವ್ದು ಆರಿಸಿದ್ರೂ ಬರೋ ವಿಡಿಯೋ ಹೆಚ್ಚುಕಮ್ಮಿ ಒಂದೇ. ಫ್ಯಾನ್ಸ್‌ಗೆ ಎಷ್ಟು ನೋವಾಯ್ತು ಅಂದ್ರೆ ಬಯೋವೇರ್ ಆಫೀಸಿಗೆ ಸುಮಾರು 400 ಕಪ್‌ಕೇಕ್ ಕಳಿಸಿದ್ರು, ಮೇಲೆ ಕ್ರೀಮು ಮೂರು ಬಣ್ಣ, ಒಳಗೆ ರುಚಿ ಮಾತ್ರ ಎಲ್ಲಾದ್ರದ್ದೂ ಒಂದೇ. ಆ ನೋವಲ್ಲೇ ಬೆಳೆದಿದ್ದು ಇಂಡಾಕ್ಟ್ರಿನೇಶನ್ ಥಿಯರಿ. ಹಾರ್ಬಿಂಜರ್ ಅನ್ನೋ ರೀಪರ್ ಬಿಟ್ಟ ಬೀಮ್ ತಾಗಿದ ಮೇಲೆ ಕಾಣೋದೆಲ್ಲ ಶೆಪರ್ಡ್ ತಲೆಯೊಳಗೇ ನಡೀತಿದೆ, ರೀಪರ್‌ಗಳು ಮನಸ್ಸನ್ನ ವಶ ಮಾಡ್ಕೊಳ್ಳೋಕೆ ನೋಡ್ತಿವೆ, ಕೆಂಪು ಆರಿಸಿದ್ರೆ ಮಾತ್ರ ಬಿಡುಗಡೆ ಅನ್ನೋದು ಅದರ ಸಾರ.

ನಮ್ಮದು ಕೊಪ್ಪದ ಕಡೆ. ದೊಡ್ಡಪ್ಪ ತಾಳಮದ್ದಳೇಲಿ ಅರ್ಥ ಹೇಳ್ತಿದ್ರು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ವಾದ ಮಾಡ್ತಾರೆ. ಕರ್ಣ ಸಾಯೋದಂತೂ ಸಾಯ್ತಾನೆ, ಅದನ್ನ ಯಾರೂ ಬದಲಿಸೋ ಹಾಗಿಲ್ಲ, ಆದ್ರೆ ಸಾಯೋವಾಗ ಅವನ ಮನಸ್ಸಲ್ಲಿ ಏನಿತ್ತು ಅನ್ನೋದನ್ನ ರಾತ್ರಿಯಿಡೀ ಹೇಳ್ಬಹುದು. ಗೇಮ್ ಥಿಯರಿಗೂ ನಾನು ಇದೇ ಲೆಕ್ಕ ಇಟ್ಕೊಂಡಿದೀನಿ, ಸ್ಕ್ರೀನ್ ಮೇಲೆ ಬಂದಿದ್ದು ಪದ್ಯ, ನಾವು ಹೇಳೋದು ಅರ್ಥ.

ಹಂಗಾಗಿ ಮೊದಲ ಕೆಲಸ ಪದ್ಯ ಬರ್ಕೊಳ್ಳೋದು. ಸೆರ್ಬರಸ್ ಅನ್ನೋ ಶತ್ರು ಸಂಘಟನೆಯ ಬೇಸ್‌ಗೆ ಹೋಗೋಕೆ ಮುಂಚೆ ಒಂದು ಸೇವ್ ಬೇರೆ ಇಟ್ಕೊಳ್ಳಿ, ಅಲ್ಲಿಂದ ಮುಂದಕ್ಕೆ ಸ್ಕ್ರೀನ್ ರೆಕಾರ್ಡ್ ಹಾಕಿ ಆಡಿ, ಆಮೇಲೆ ನಿಲ್ಸಿ ನಿಲ್ಸಿ ನೋಡಿ. ಬೇರೆಯವರ ವಿಡಿಯೋ ನೋಡಿ ಥಿಯರಿ ಕಟ್ಟಬೇಡಿ, ಅವರು ತಮಗೆ ಬೇಕಾದ ಕಡೆಗೇ ಕತ್ತರಿಸಿರ್ತಾರೆ. ನಾನೂ ತಮ್ಮನೂ ಒಂದು ಆಷಾಢದಲ್ಲಿ, ಕರೆಂಟ್ ಹೋಗ್ತಾ ಬರ್ತಾ ಯುಪಿಎಸ್ ಕುಯ್ ಕುಯ್ ಅಂತಿರೋವಾಗ, ಅಡಿಕೆ ಲೆಕ್ಕದ ಹಳೇ ನೋಟ್‌ಬುಕ್ಕಲ್ಲಿ ಪುಟದ ಮಧ್ಯ ಗೆರೆ ಎಳೆದು ಎಡಕ್ಕೆ ಕಂಡಿದ್ದು, ಬಲಕ್ಕೆ ನಮಗೆ ಅನಿಸಿದ್ದು ಅಂತ ಬರೆದ್ವಿ. ಎಡಗಡೆ ಅರ್ಧ ಪುಟಾನೂ ತುಂಬಲಿಲ್ಲ, ಬಲಗಡೆ ಎರಡು ಪುಟ ಆಗಿತ್ತು!

ಉದಾಹರಣೆಗೆ ಗುಂಡಿನ ಸೀನ್. ಸೆರ್ಬರಸ್ ಮುಖ್ಯಸ್ಥ ಇಲ್ಯೂಸಿವ್ ಮ್ಯಾನ್ ಒತ್ತಾಯಕ್ಕೆ ಶೆಪರ್ಡ್ ಕೈ ತಾನಾಗೇ ಎದ್ದು ತನ್ನ ಹಳೇ ಮೇಲಧಿಕಾರಿ ಆಂಡರ್ಸನ್ ಹೊಟ್ಟೆಗೆ ಗುಂಡು ಹೊಡೆಯತ್ತೆ, ಸ್ಕ್ರೀನಿನ ಅಂಚಲ್ಲಿ ಕಪ್ಪು ಬಳ್ಳಿ ಥರ ಏನೋ ಹಬ್ಬತ್ತೆ. ಸ್ವಲ್ಪ ಹೊತ್ತಾದ ಮೇಲೆ ಶೆಪರ್ಡ್ ತನ್ನ ಹೊಟ್ಟೆ ಪಕ್ಕ ಒತ್ಕೊಂಡಿದ್ದ ಕೈ ತೆಗೆದು ನೋಡಿದ್ರೆ ರಕ್ತ. ಇಷ್ಟು ಎಡಗಡೆಗೆ. ಆಂಡರ್ಸನ್ ಅಂದ್ರೆ ಶೆಪರ್ಡ್ ಮನಸ್ಸಿನದ್ದೇ ಒಂದು ಭಾಗ, ಹೊಡ್ಕೊಂಡಿದ್ದು ತನಗೇ ಅನ್ನೋದು ಬಲಗಡೆಗೆ. ಅದರ ಕೆಳಗೇ ಇನ್ನೊಂದು ಸಾಧಾರಣ ಕಾರಣಾನೂ ಬರೀಲೇಬೇಕು: ಬೀಮ್ ತಾಗಿ ಆಗ್ಲೇ ಗಾಯ ಆಗಿತ್ತು. ಬೀಮ್ ಆದ ಮೇಲೆ ಪಿಸ್ತೂಲಲ್ಲಿ ಗುಂಡು ಖಾಲಿನೇ ಆಗಲ್ಲ ಅನ್ನೋದಕ್ಕೂ ಹಂಗೇ, ಕನಸು ಅನ್ನಬಹುದು, ಆಡೋರು ಅಲ್ಲಿ ಸಿಕ್ಕಿಹಾಕ್ಕೋಬಾರ್ದು ಅಂತ ಬಿಟ್ಟಿರಲೂಬಹುದು. ಸಾಧಾರಣ ಕಾರಣ ಸಾಕಾಗತ್ತೆ ಅನಿಸಿದ್ರೆ ಆ ಸಾಕ್ಷಿ ಪಕ್ಕ ಒಂದು ಚುಕ್ಕೆ ಇಡಿ, ಹೊಡೆದು ಹಾಕ್ಬೇಡಿ.

ಗಟ್ಟಿ ಸಾಕ್ಷಿ ಯಾವ್ದು ಅಂದ್ರೆ ಗೇಮ್ ತಾನೇ ಮೊದಲೇ ಹೇಳ್ಕೊಟ್ಟಿರೋದು. ಗೇಮಿನೊಳಗೇ ಇರೋ ಮಾಹಿತಿ ಪುಸ್ತಕ ಕೋಡೆಕ್ಸ್ ತೆಗೆದು ಇಂಡಾಕ್ಟ್ರಿನೇಶನ್ ಪುಟ ಓದಿ. ತಲೆನೋವು, ಕಿವೀಲಿ ಗುಂಯ್ ಅನ್ನೋ ಸದ್ದು, ಯಾರೋ ನೋಡ್ತಿದಾರೆ ಅನ್ನೋ ಭಾವನೆ, ಇಲ್ಲದ ಆಕೃತಿ ಕಾಣೋದು, ಇದೆಲ್ಲ ಲಕ್ಷಣ ಅಂತ ಅಲ್ಲೇ ಇದೆ. ಈಗ ಮೂರನೇ ಗೇಮಲ್ಲಿ ಬರೋ ಕಾಡಿನ ಕನಸು, ಕಪ್ಪು ನೆರಳುಗಳು, ಪಿಸುಮಾತು ನೆನಪಿಸ್ಕೊಳ್ಳಿ. ಮೊದಲನೇ ಗೇಮಿನ ಖಳನಾಯಕ ಸಾರೆನ್ ತಾನು ಸರಿ ಅಂತ ನಂಬ್ಕೊಂಡೇ ರೀಪರ್‌ಗಳ ಕೈಗೊಂಬೆ ಆಗಿದ್ದ, ಅವನೂ ಜೀವ ಯಂತ್ರ ಸೇರ್ಬೇಕು ಅಂತಿದ್ದ, ಇಲ್ಯೂಸಿವ್ ಮ್ಯಾನ್ ಹಿಡಿತ ಬೇಕು ಅಂತಿದ್ದ. ಕೊನೇಲಿ ಮಗು ಮುಂದಿಡೋ ಮೂರು ದಾರೀಲಿ ಎರಡು ಈ ಇಬ್ಬರದ್ದೇ. ನನ್ನ ಪ್ರಕಾರ ಇಡೀ ಥಿಯರೀಲಿ ಇದಕ್ಕಿಂತ ಬಲವಾದ ಮಾತಿಲ್ಲ.

ಆಮೇಲೆ ಕಷ್ಟದ ಕೆಲಸ, ಏನು ಸಿಕ್ಕಿದ್ರೆ ನನ್ನ ಥಿಯರಿ ಬೀಳತ್ತೆ ಅಂತ ಮುಂಚೇನೇ ಬರ್ದಿಡೋದು. 2012ರ ಜೂನ್ 26ಕ್ಕೆ ಎಂಡಿಂಗನ್ನ ಹಿಗ್ಗಿಸಿದ ಎಕ್ಸ್‌ಟೆಂಡೆಡ್ ಕಟ್ ಫ್ರೀಯಾಗಿ ಬಂತು. ಸಿಟಡೆಲ್ ಅನ್ನೋ ಬಾಹ್ಯಾಕಾಶ ನಿಲ್ದಾಣಕ್ಕೆ ಏರಿಸೋ ಇನ್ನೊಂದು ಬೀಮ್ ಕಡೆ ಓಡೋವಾಗ ಜೊತೆಗಾರರನ್ನ ಶೆಪರ್ಡ್ ಹಡಗು ನಾರ್ಮಂಡಿ ಹೇಗೆ ಕರ್ಕೊಂಡು ಹೋಯ್ತು, ಯುದ್ಧ ಮುಗಿದ ಮೇಲೆ ಯಾರ್ಯಾರು ಏನಾದ್ರು ಅಂತೆಲ್ಲ ತೋರಿಸ್ತು, ಮೂರೂ ಬೇಡ ಅನ್ನೋ ನಾಲ್ಕನೇ ದಾರೀನೂ ಕೊಡ್ತು. ಎಲ್ಲಾ ತಲೆಯೊಳಗಿನದ್ದೇ ಆಗಿದ್ರೆ ಹಿಡಿತ ಆರಿಸ್ಕೊಂಡೋರಿಗೆ ಹೊರಗಿನ ಗ್ಯಾಲಕ್ಸಿ ರಿಪೇರಿ ಆಗೋದನ್ನ ಯಾಕೆ ತೋರಿಸ್ಬೇಕು? ತಮ್ಮ ಇದಕ್ಕೆ ಉತ್ತರ ಹುಡುಕೋಕೆ ಎರಡು ದಿನ ತಗೊಂಡ, ಕೊನೆಗೆ ಅದೂ ಕನಸೇ ಅಂದ. ಹಿಂಗೆ ಎಲ್ಲಾದಕ್ಕೂ ಕನಸು ಅನ್ನೋಕೆ ಶುರು ಮಾಡಿದ್ರೆ ಅಲ್ಲಿಗೆ ನಿಲ್ಸಿ, ಪದ್ಯ ಬಿಟ್ಟು ಹಾಡ್ತಿದೀವಿ ಅಂತ ಲೆಕ್ಕ.

ಮಾಡಿದೋರು ಹೊರಗೆ ಏನು ಹೇಳಿದ್ರು ಅನ್ನೋದಕ್ಕೆ ಬೇರೆ ಪುಟ ಇಡಿ. ಆಡೋರ ಕೈಯಿಂದ ಶೆಪರ್ಡ್ ಹಿಡಿತ ನಿಧಾನಕ್ಕೆ ಜಾರೋ ಥರ ಒಂದು ಸೀಕ್ವೆನ್ಸ್ ಅವರು ಯೋಚಿಸಿ ಕೈಬಿಟ್ಟಿದ್ರು ಅಂತ ಆಮೇಲೆ ಗೊತ್ತಾಯ್ತು. ಯೋಚನೆ ಇತ್ತು ಅನ್ನೋದಕ್ಕೆ ಅದು ಸಾಕ್ಷಿ, ಈಗಿರೋ ಎಂಡಿಂಗ್‌ಗೆ ಅದೇ ಅರ್ಥ ಅನ್ನೋದಕ್ಕಲ್ಲ.

ಈಗ ನಾನು ನಿಂತಿರೋ ಜಾಗ ಹೇಳ್ತೀನಿ: ರೀಪರ್‌ಗಳು ಶೆಪರ್ಡ್ ತಲೆಗೆ ಕೈ ಹಾಕಿದ್ದು ನಿಜ, ಸಿಟಡೆಲ್ ಮೇಲೆ ನಡೆದಿದ್ದೂ ನಿಜ. ತಮ್ಮ ಒಪ್ಪಲ್ಲ, ಕೆಂಪು ಆರಿಸಿ ಸೈನ್ಯದ ಬಲ ಸಾಕಷ್ಟು ಇದ್ರೆ ಕೊನೇಲಿ ಕಲ್ಲುಮಣ್ಣಿನ ರಾಶೀಲಿ ಯಾರೋ ಉಸಿರೆಳೆಯೋ ಸೀನ್ ಬರತ್ತಲ್ಲ, ಅದನ್ನೇ ಹಿಡ್ಕೊಂಡು ಕೂತಿದಾನೆ. ನೀವು ಶುರು ಮಾಡೋದಾದ್ರೆ ಮೂರನೇ ಗೇಮಿನ ಆರಂಭದಿಂದ್ಲೇ ಮಾಡಿ, ವ್ಯಾಂಕೂವರಲ್ಲಿ ಗಾಳಿಕಿಂಡಿಯೊಳಗಿದ್ದ ಮಗು (ಕೊನೇಲಿ ಎದುರಿಗೆ ನಿಲ್ಲೋ ರೂಪ ಇದರದ್ದೇ) ಆಮೇಲೆ ಶಟಲ್ ಹತ್ತತ್ತೆ, ಅಷ್ಟು ಜನ ಇದಾರೆ, ಒಬ್ಬರಾದ್ರೂ ಅದಕ್ಕೆ ಕೈ ಕೊಡ್ತಾರಾ ಅಂತ ನಿಲ್ಸಿ ನೋಡಿ ಎಡಗಡೆ ಬರ್ಕೊಳ್ಳಿ.