ಹಂದಿ ಹೊಡೆಯಲು ಅನುಮತಿ ಸಿಕ್ಕಿತು, ಊರ ಒಪ್ಪಿಗೆಗೆ ಜಾಸ್ತಿ ಒದ್ದಾಡಿದೆವು

ಖಾನಾಪುರ ತಾಲೂಕಿನ ಕಕ್ಕೇರಿ ಕಡೆ ನಮ್ಮ ಹೊಲ. ಕಬ್ಬು, ಗೋವಿನಜೋಳ, ಒಂದಿಷ್ಟು ಗೆಣಸು. ಮನೆಯಲ್ಲಿ ಲೈಸೆನ್ಸ್ ಇರುವ ಒಂಟಿ ನಳಿಗೆ ಬಂದೂಕಿದೆ. ಎಲೆಕ್ಷನ್ ಬಂದಾಗೊಮ್ಮೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತೇನೆ, ಮುಗಿದ ಮೇಲೆ ಬಿಡಿಸಿಕೊಂಡು ಬರುತ್ತೇನೆ. ಎಲ್ಲ ಕಾಗದ ಸರಿ ಇದೆ. ಆದರೂ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಟರೆ ಚಹಾದಂಗಡಿ ಮುಂದೆ ಮಾತು ತಪ್ಪಿದ್ದಲ್ಲ. "ಏನ್ರೀ, ಬ್ಯಾಟಿ ಜೋರೇನು? ನಮಗೂ ಒಂದು ಪಾಲು ಇಡ್ರಿ." ತಮಾಷೆಗೇ ಅನ್ನುವುದು, ಆದರೆ ಅರಣ್ಯ ಇಲಾಖೆಯವರ ಕಿವಿಗೆ ಬಿದ್ದರೆ ತಮಾಷೆಯಾಗಿ ಉಳಿಯುವುದಿಲ್ಲ.

ನಮ್ಮ ದೇಶದಲ್ಲಿ ಶೋಕಿಗೆ ಕಾಡುಪ್ರಾಣಿ ಹೊಡೆಯುವುದು 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಬಂದ ಮೇಲೆ ಪೂರಾ ಮುಗಿದ ಕಥೆ. ಬೆನ್ನಟ್ಟುವುದು, ಉರುಳು ಹಾಕುವುದು, ಆಮಿಷ ಇಡುವುದು ಎಲ್ಲವೂ ಆ ಕಾಯ್ದೆಯಲ್ಲಿ ಬೇಟೆಯೇ. ರೈತನಿಗೆ ಉಳಿದಿರುವ ಸಣ್ಣ ಬಾಗಿಲು 11ನೇ ಕಲಂ. ಬೆಳೆ ಹಾಳುಮಾಡುವ ಹಂದಿಯಂಥ ಪ್ರಾಣಿಯನ್ನು ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಲಿಖಿತ ಆದೇಶ ಕೊಟ್ಟರೆ ಹೊಡೆಯಬಹುದು. ಹೊಡೆದ ಪ್ರಾಣಿ ಸರ್ಕಾರದ ಆಸ್ತಿ. ಆದೇಶ ಕೊಡಿ ಅಂತ ನಾವು ಹಕ್ಕಿನಿಂದ ಕೂರಲು ಬರುವುದಿಲ್ಲ. ಕೊಡುವ ಅಧಿಕಾರಿಯೂ ನಾಳೆ ಪೇಪರಿನಲ್ಲಿ ಏನು ಬರುತ್ತದೆ ಅಂತ ನೋಡುತ್ತಾನೆ, ಅಲ್ವಾ?

ಹಂದಿ ಕಾಟ ಗೊತ್ತಿಲ್ಲದವರಿಗೆ ಹೇಳಬೇಕು. ಕಬ್ಬಿಗೆ ಹೊಕ್ಕರೆ ಬುಡದ ಎರಡು ಗಣಿಕೆ ಅಗಿದು ಸಿಪ್ಪೆ ಉಗುಳಿ ಮುಂದಿನ ಗಳಕ್ಕೆ ಹೋಗುತ್ತದೆ, ತಿನ್ನುವುದಕ್ಕಿಂತ ಕೆಡವುವುದೇ ಜಾಸ್ತಿ. ಗೆಣಸಿನ ಹೊಲವಂತೂ ಬೆಳಗ್ಗೆ ನೋಡಿದರೆ ರೆಂಟೆ ಹೊಡೆದ ಹಾಗಿರುತ್ತದೆ. ಪರಿಹಾರದ ಅರ್ಜಿ ಹಾಕುತ್ತೇವೆ, ಬಂದಾಗ ಬರುತ್ತದೆ.

ನಾಲ್ಕಾರು ಮನೆಯವರು ಸೇರಿ ಅರ್ಜಿ ಕೊಟ್ಟು, ಅರಣ್ಯ ಇಲಾಖೆಯ ಗಾರ್ಡ್ ಬಂದು ಹೊಲ ನೋಡಿ, ಆದೇಶ ಸಿಕ್ಕಿತು. ಮೊದಲ ಹಂದಿ ಬಿದ್ದ ರಾತ್ರಿಯೇ ಎಡವಟ್ಟಾಯಿತು. ಕಾಕಾನ ಮಗ ಒಬ್ಬನಿದ್ದಾನೆ, ಒಳ್ಳೆಯ ಹುಡುಗ. ಹಂದಿ ಮೇಲೆ ಕಾಲಿಟ್ಟು, ಬಂದೂಕು ಎತ್ತಿ ಹಿಡಿದು, ಹಿಂದೆ ಸಿನಿಮಾ ಹಾಡು ಹಾಕಿ ಸ್ಟೇಟಸ್ ಇಟ್ಟುಬಿಟ್ಟ. ಬೆಳಗಾಗುವುದರೊಳಗೆ ಅದು ಬೆಳಗಾವಿ ತನಕ ಮುಟ್ಟಿತ್ತು. ಆದೇಶದ ಪ್ರತಿ ಕೈಯಲ್ಲಿ ಹಿಡಿದುಕೊಂಡೇ ನಾವು ಕಚೇರಿಯಲ್ಲಿ ಕೂತು ವಿವರಣೆ ಕೊಡಬೇಕಾಯಿತು. ಪಕ್ಕದ ಊರಿನವರ ಅರ್ಜಿ "ನೋಡೋಣ" ಅಂತ ಅಲ್ಲೇ ನಿಂತಿತು. ಆ ಊರಿನವರು ಏನು ತಪ್ಪು ಮಾಡಿದ್ದರು?

ಇದು ನಮ್ಮಲ್ಲೇ ಅಂತ ಇಲ್ಲ. 2015ರಲ್ಲಿ ಜಿಂಬಾಬ್ವೆಯಲ್ಲಿ ಸೆಸಿಲ್ ಅನ್ನುವ ಸಿಂಹವನ್ನು ಅಮೆರಿಕದ ದಂತವೈದ್ಯನೊಬ್ಬ ಹೊಡೆದ. ಅವನ ಕಾಗದ ಸರಿ ಇದೆ ಅಂತ ಅಲ್ಲಿನ ಸರ್ಕಾರವೇ ಹೇಳಿತು, ಕೇಸೂ ಆಗಲಿಲ್ಲ. ಆದರೆ ಸತ್ತ ಪ್ರಾಣಿಗಳ ಜೊತೆ ಹಲ್ಲು ಕಿರಿದು ನಿಂತ ಅವನ ಹಳೆಯ ಫೋಟೋಗಳು ಲೋಕವೆಲ್ಲ ತಿರುಗಿದವು. ಮುಂದಿನ ತಿಂಗಳೇ ಡೆಲ್ಟಾ, ಯುನೈಟೆಡ್, ಅಮೆರಿಕನ್ ಏರ್‌ಲೈನ್ಸ್ ಆಫ್ರಿಕಾದ ಸಿಂಹ, ಆನೆಯಂಥ ಪ್ರಾಣಿಗಳ ತಲೆ, ಚರ್ಮ ಸಾಗಿಸುವುದಿಲ್ಲ ಅಂದವು. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ 2018ರಲ್ಲಿ ಅವನಿ ಹುಲಿಯನ್ನು ಹೊಡೆದಾಗಲೂ ಆದೇಶ ಇತ್ತು, ಸುಪ್ರೀಂ ಕೋರ್ಟ್ ತಡೆದಿರಲಿಲ್ಲ. ಆದರೂ ರಾತ್ರಿ ಹೊಡೆದದ್ದು ಹೇಗೆ, ಅರಿವಳಿಕೆ ಕೊಡಲು ನಿಜವಾಗಿ ನೋಡಿದರಾ ಅನ್ನುವ ಪ್ರಶ್ನೆಯೇ ದೊಡ್ಡದಾಯಿತು. ಹುಲಿಯ ಭಯದಲ್ಲಿ ಬದುಕಿದ ಊರಿನವರ ಮಾತು ಅದರ ಕೆಳಗೆ ಸಿಕ್ಕಿಹೋಯಿತು.

ಸ್ಟೇಟಸ್ ಗಲಾಟೆಯ ನಂತರ ಅಟ್ಟಣಿಗೆ ಹತ್ತುವವರ ಫೋನ್ ಕೆಳಗೇ ಉಳಿಯುವ ಹಾಗೆ ಮಾಡಿದೆವು, ಒಬ್ಬರ ಹತ್ತಿರ ಮಾತ್ರ, ಅದೂ ಗಾರ್ಡಿಗೆ ಕರೆ ಮಾಡಲಿಕ್ಕೆ. ಕುಡಿದವರು ಹತ್ತುವಂತಿಲ್ಲ. ನೋಡಲು ಬರುತ್ತೇವೆ ಅನ್ನುವ ಪೇಟೆಯ ಗೆಳೆಯರಿಗೆ ಪ್ರವೇಶವೇ ಇಲ್ಲ. ಕಬ್ಬು ಅಲ್ಲಾಡಿತು ಅಂತ ಅಲ್ಲಾಡಿದ ಕಡೆ ಗುಂಡು ಬಿಡುವುದಂತೂ ಪೂರಾ ಬಂದ್. ಕಟಾವಿನ ಗ್ಯಾಂಗಿನವರು ಹೊಲದ ಬದಿಗೇ ಗುಡಿಸಲು ಹಾಕಿರುತ್ತಾರೆ, ನೀರು ಬಿಡಲು ಯಾರಾದರೂ ನಡುರಾತ್ರಿ ಓಡಾಡುತ್ತಿರುತ್ತಾರೆ. ಹಂದಿ ಬಯಲಿಗೆ ಬರಬೇಕು, ಬ್ಯಾಟರಿ ಬೆಳಕಿನಲ್ಲಿ ಪೂರಾ ಕಾಣಬೇಕು, ಹಿಂದೆ ಏನಿದೆ ಗೊತ್ತಿರಬೇಕು. ಮರಿ ಕರೆದುಕೊಂಡ ಹೆಣ್ಣಾದರೆ ಕೂಗಿ ಓಡಿಸುತ್ತೇವೆ. ಸುಮಾರು ರಾತ್ರಿ ಸುಮ್ನೆ ಕೂತು ಎದ್ದು ಬಂದದ್ದೇ ಜಾಸ್ತಿ.

ಆದರೆ ಊರಿನ ಮನಸ್ಸು ತಿರುಗಿದ್ದು ಇದರಿಂದ ಅಲ್ಲ ಅನಿಸುತ್ತದೆ. ನಮ್ಮ ಓಣಿಯ ಒಬ್ಬ ಅವ್ವನ ಆಕಳು ಮೇಯಲು ಹೋದಾಗ ಯಾರೋ ಹಂದಿಗೆ ಇಟ್ಟ ಸಿಡಿಮದ್ದಿನ ಉಂಡೆ ಕಚ್ಚಿತ್ತು. ದವಡೆ ಒಡೆದು ನಾಲಿಗೆ ಜೋತು ಬಿದ್ದಿತ್ತು, ನೀರು ಕುಡಿಯಲು ಹೋದರೆ ಎಲ್ಲ ಸೋರುತ್ತಿತ್ತು. ನೋಡಲು ಹೋದ ನನಗೆ ಆಕೆ ಅಂದದ್ದು, "ನೀವು ಬ್ಯಾಟಿಯವರು ಎಲ್ಲಾರೂ ಒಂದಽ ಬಿಡ್ರಿ." ಸಿಡಿಮದ್ದು ಇಟ್ಟವರು ಬೇರೆ, ನಮಗೆ ಆದೇಶ ಇದೆ ಅಂತ ಆ ಹೊತ್ತಿನಲ್ಲಿ ಹೇಳುವುದು ಹೇಗೆ? ಆಕೆಗೆ ಎಲ್ಲರೂ ರಾತ್ರಿ ಹೊಲದಲ್ಲಿ ತಿರುಗುವ ಗಂಡಸರೇ.

ಆಮೇಲೆ ನಾವು ಹಗಲು ಹೊತ್ತು ಹೊಲದ ಬದು, ಹಳ್ಳದ ಸರುವು ತಿರುಗಿ ಉರುಳು ಹುಡುಕಲು ಶುರುಮಾಡಿದೆವು. ಬೈಕಿನ ಕ್ಲಚ್ ವೈರಿನಲ್ಲಿ ಮಾಡಿದ ಉರುಳುಗಳು, ಬೇಲಿಯ ಸಂದಿನಲ್ಲಿ ಮೊಣಕಾಲೆತ್ತರಕ್ಕೆ ಕಟ್ಟಿರುತ್ತಾರೆ, ಹತ್ತಿರ ಹೋಗುವ ತನಕ ಕಣ್ಣಿಗೆ ಬೀಳುವುದಿಲ್ಲ. ಸಿಕ್ಕರೆ ಮುಟ್ಟದೆ ಗಾರ್ಡನ್ನು ಕರೆಸುತ್ತೇವೆ. ಬೇಲಿಗೆ ಕರೆಂಟು ಬಿಡುವವರ ಮನೆಗೆ ಹೋಗಿ ಮೊದಲು ಹೇಳುತ್ತೇವೆ, ಕೇಳದಿದ್ದರೆ ತಿಳಿಸುತ್ತೇವೆ. ಇದಕ್ಕೆ ಇಬ್ಬರು ಸಂಬಂಧಿಕರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆದರೆ ಈಗ ಅದೇ ಅವ್ವ ಮಗನ ಕೈಯಲ್ಲಿ ಫೋನ್ ಮಾಡಿಸುತ್ತಾಳೆ, "ಹಂದಿ ಬಂದಾವು, ಬರ್ರಿ" ಅಂತ.

ಬಗೆಹರಿಯದೆ ಉಳಿದದ್ದು ಮಾಂಸದ ವಿಷಯ. ಅಮೆರಿಕದ ಸಮೀಕ್ಷೆಗಳಲ್ಲಿ ತಿನ್ನಲು ಬೇಟೆಯಾಡುವವನನ್ನು ಬಹುಪಾಲು ಜನ ಒಪ್ಪುತ್ತಾರೆ, ಗೋಡೆಗೆ ತಲೆ ನೇತು ಹಾಕಲು ಹೊಡೆಯುವವನನ್ನು ಒಪ್ಪುವವರು ಬಹಳ ಕಡಿಮೆ. ಇಲ್ಲಿ ಉಲ್ಟಾ. ಒಂದು ತುಂಡು ಮನೆಗೆ ಹೋದರೂ ನಾವು ಕಳ್ಳರೇ, ಕಾನೂನಿಗೂ, ಜನರ ಕಣ್ಣಿಗೂ. ಗಾರ್ಡ್ ಬಂದು ಮಹಜರು ಬರೆದು, ಅವರ ಎದುರಿಗೇ ಗುಂಡಿ ತೋಡಿ ಹೂಳುತ್ತೇವೆ. ಹಿರಿಯರೊಬ್ಬರು ಪ್ರತಿ ಸಲ ಗುಂಡಿ ಪಕ್ಕ ನಿಂತು "ಅನ್ನ ಮಣ್ಣಿಗೆ ಹಾಕಾಕತ್ತೀರಿ" ಅಂತ ಬೈಯುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೂ ಹೂಳುತ್ತೇವೆ, ಆದಷ್ಟು ಹಗಲಲ್ಲಿ, ನಾಲ್ಕು ಜನ ನೋಡುವ ಜಾಗದಲ್ಲಿ.

ಗೆಣಸು ಹಾಕಿದವರಿಗೆ ಒಂದು ಮಾತು. ಗಡ್ಡೆ ಕಟ್ಟುವ ತನಕ ಕಾಯದೆ ಅರ್ಜಿ ಕೊಡಿ, ಹಾಳಾದ ಹೊಲದ ಫೋಟೋ ತಾರೀಖು ಸಮೇತ ಇಡಿ. ಫೋಟೋ ಹೊಲದ್ದು ಮಾತ್ರ.